ತಪಾಸಣೆ ಆದಮೇಲೆ ಫಾರ್ಮಿನ ಖಾಲಿ ಕಾಲಂ ತುಂಬಬಹುದೇ?

ಪ್ರಶ್ನೆ: "ನಮಸ್ಕಾರ್ರೀ ಮೇಡಂ. ನಾ ಗದಗ ಕಡೆಯಾಕಿ, ಮದುವಿ ಆಗಿ ಪುಣೆಗೆ ಬಂದು ಹಡಪ್ಸರದಾಗ ಇದ್ದೀನಿ. ಇಲ್ಲೆ ಒಬ್ಬರು ಲೇಡಿ ಡಾಕ್ಟರ್ ನಡಸೋ ನಾಕು ಹಾಸಿಗಿ ಹೆರಿಗಿ ಆಸ್ಪತ್ರಿಯೊಳಗ ರಿಸೆಪ್ಶನ್, ಬಿಲ್ಲು, ಸೋನೋಗ್ರಫಿ ಫಾರ್ಮು ಎಲ್ಲಾ ನಾನ ನೋಡಿಕೊಳ್ಳೋದು. ಹೋದ ವಾರ ಮಹಾನಗರಪಾಲಿಕೆಯವರು ತಪಾಸಣಿಗೆ ಬಂದಿದ್ದರು. ಗರ್ಭಿಣಿ ಸ್ಕ್ಯಾನ್ ಮಾಡೋವಾಗ ಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ತುಂಬೋ ಫಾರ್ಮ್ ಎಫ್ ತಗದು ನೋಡಿ, ಒಂದಿಷ್ಟರೊಳಗ ಮಕ್ಕಳ ಸಂಖ್ಯೆ ಇಲ್ಲ, ಕಳಿಸಿದ ಡಾಕ್ಟರ್ ಹೆಸರಿಲ್ಲ, ಎರಡರೊಳಗ ಪೇಷಂಟ್ ಸಹಿನೂ ಇಲ್ಲ ಅಂತ ಬರಕೊಂಡು ಹೋದರು. ಈಗ ನೋಟಿಸ್ ಬಂದೈತಿ. ಲೈಸೆನ್ಸ್ ರಿನ್ಯೂ ಮಾಡಿಸಿಕೊಡೋ ಏಜೆಂಟ್ ಒಬ್ಬಾವ 'ಇವತ್ತ ರಾತ್ರಿ ಕುಂತು ಎಲ್ಲಾ ತುಂಬಿಬಿಡ್ರಿ, ಆಫೀಸಿನಾಗ ನಾ ಮಾತಾಡ್ತೀನಿ' ಅನ್ನಾಕತ್ತಾನ. ಮೇಡಂ ಮನಸೂ ಆ ಕಡೆ ವಾಲೈತಿ. ನಾವು ಯಾವತ್ತೂ ಗಂಡೋ ಹೆಣ್ಣೋ ಅಂತ ಯಾರಿಗೂ ಹೇಳಿಲ್ಲರೀ. ಗರ್ಭಪಾತದ ರಜಿಸ್ಟರ್ ಸೈತ ಕೇಳಿದರು. ಮೇಡಂ ಇನ್ನ ಅದನ್ನ ಮಾಡೋದ ಬಿಡ್ತೀನಿ ಅಂತಾರ. ಆಜೂಬಾಜೂ ಮಂದಿ ಆಸ್ಪತ್ರಿ ಸೀಲ್ ಆಗತೈತಿ ಅಂತ ಮಾತಾಡಾಕತ್ತಾರ. ಫಾರ್ಮಿನ ಮ್ಯಾಲ ಇರೋದು ನನ್ನ ಕೈಬರಹ. ನನ್ನ ಮ್ಯಾಲ ಕೇಸ್ ಆಗತೈತೇನ್ರೀ? ಕೆಲಸ ಬಿಡಲೇನ್ರೀ?"

ಉತ್ತರ: ಮೊದಲು ಇವತ್ತು ರಾತ್ರಿಯ ಮಾತು. ಆ ಫಾರ್ಮುಗಳಿಗೆ ಪೆನ್ನು ತಾಗಿಸಬೇಡಿ. ಒಂದು ಅಂಕಿಯನ್ನೂ ಸೇರಿಸಬೇಡಿ, ಯಾರಿಂದಲೂ ಹಳೆಯ ತಾರೀಖಿಗೆ ಸಹಿ ಹಾಕಿಸಬೇಡಿ. ನಿಮ್ಮ ಮೇಡಂಗೂ ಇದನ್ನು ಈಗಲೇ ಹೇಳಿ, ಬೇಕಾದರೆ ಈ ಉತ್ತರವನ್ನೇ ಅವರಿಗೆ ಓದಿ ಹೇಳಿ. ಮಿಕ್ಕಿದ್ದೆಲ್ಲ ಆಮೇಲೆ.

ನಾನು ಸ್ತ್ರೀರೋಗ ವೈದ್ಯೆ. ಪಾಲಿಕೆಯ ಆರೋಗ್ಯ ವಿಭಾಗದಲ್ಲಿದ್ದಾಗ ಇಂಥ ತಪಾಸಣೆಗಳಿಗೆ ಹೋಗುತ್ತಿದ್ದವಳು. ನಿವೃತ್ತಿಯ ನಂತರ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ದಾಖಲೆ ಇಡುವ ಕ್ರಮ ಹೇಳಿಕೊಡುತ್ತಿದ್ದೇನೆ. ಮೇಜಿನ ಎರಡೂ ಬದಿಯಲ್ಲಿ ಕೂತು ನೋಡಿದ್ದರಿಂದ ಹೇಳುತ್ತೇನೆ: ಖಾಲಿ ಬಿಟ್ಟ ಕಾಲಮ್ಮಿಗೆ ಉತ್ತರ ಕೊಡಲು ದಾರಿಯಿದೆ. ತಪಾಸಣೆ ಆದಮೇಲೆ ತುಂಬಿದ ಕಾಲಮ್ಮಿಗೆ ಇಲ್ಲ.

ಯಾಕೆಂದರೆ ಆ ಕಾಗದ ನಿಮ್ಮ ಕಪಾಟಿನಲ್ಲಿ ಮಾತ್ರ ಇಲ್ಲ. ಪ್ರತಿ ತಿಂಗಳ ಫಾರ್ಮುಗಳ ವರದಿ ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಪಾಲಿಕೆಗೆ ಹೋಗಬೇಕು, ನೀವೇ ಕಳಿಸಿರುತ್ತೀರಿ. ಮಹಾರಾಷ್ಟ್ರದಲ್ಲಿ ಫಾರ್ಮ್ ಎಫ್ ಆನ್‌ಲೈನ್ ತುಂಬುವ ವ್ಯವಸ್ಥೆಯೂ ಇದೆ. ಕೊಲ್ಹಾಪುರದ ಜಿಲ್ಲಾಧಿಕಾರಿ ಇದನ್ನು ಕಡ್ಡಾಯ ಮಾಡಿದಾಗ ರೇಡಿಯಾಲಜಿಸ್ಟರ ಸಂಘ ಕೋರ್ಟಿಗೆ ಹೋಗಿತ್ತು. 2011ರಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಮೊನ್ನೆ ಬಂದ ತಂಡ ಯಾವ ಫಾರ್ಮಿನಲ್ಲಿ ಏನಿಲ್ಲ ಅಂತ ಬರೆದುಕೊಂಡು ಹೋಗಿದೆ, ಫೋಟೋ ತೆಗೆದಿದ್ದರೂ ಆಶ್ಚರ್ಯವಿಲ್ಲ. ಅಲ್ಲಿನ ಪ್ರತಿಯಲ್ಲಿ ಖಾಲಿ, ನಿಮ್ಮ ಪ್ರತಿಯಲ್ಲಿ ಭರ್ತಿ ಅಂದರೆ ಅದರ ಅರ್ಥ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಪಾಲಿಕೆಯ ಪ್ರತಿ ಇಲ್ಲದಿದ್ದರೂ ಗೊತ್ತಾಗುತ್ತದೆ. ಮೂರು ತಿಂಗಳ ಫಾರ್ಮಿನ ಕಟ್ಟು ಬಿಚ್ಚಿದಾಗ ಹೆಸರು, ವಿಳಾಸ ಬೇರೆಬೇರೆ ದಿನ ಬೇರೆಬೇರೆ ಪೆನ್ನಿನಲ್ಲಿದ್ದು, 'ಜೀವಂತ ಮಕ್ಕಳು' ಅನ್ನುವ ಸಾಲು ಮಾತ್ರ ಎಲ್ಲದರಲ್ಲೂ ಒಂದೇ ನೀಲಿ ಶಾಯಿಯಲ್ಲಿ, ಒಂದೇ ಒತ್ತಿನಲ್ಲಿ ಹೊಳೆಯುತ್ತಿದ್ದ ಕಟ್ಟುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಥ ಕಟ್ಟು ಸಿಕ್ಕ ಮೇಲೆ ಆ ಆಸ್ಪತ್ರೆಯ ನಿಜವಾದ ದಾಖಲೆಯನ್ನೂ ಯಾರೂ ನಂಬುವುದಿಲ್ಲ.

ಈಗ ನಿಮ್ಮ ಮಾತು: "ನಾವು ಯಾರಿಗೂ ಗಂಡೋ ಹೆಣ್ಣೋ ಹೇಳಿಲ್ಲ." ನಾನು ನಂಬುತ್ತೇನೆ. ಆದರೆ 'ಹೇಳಿಲ್ಲ ಅಂದಮೇಲೆ ಫಾರ್ಮು ಬರೀ ಕಾಗದ' ಅನ್ನುವುದು ತಪ್ಪು ತಿಳಿವಳಿಕೆ. ಗರ್ಭಲಿಂಗ ಪತ್ತೆ ತಡೆ ಕಾಯ್ದೆಯ 4(3)ನೇ ಕಲಂ ಪ್ರಕಾರ ದಾಖಲೆಯಲ್ಲಿ ಕೊರತೆ ಅಥವಾ ತಪ್ಪು ಇದ್ದರೆ ಅದನ್ನೇ ಕಾಯ್ದೆಯ ಉಲ್ಲಂಘನೆ ಎಂದು ಹಿಡಿಯಲಾಗುತ್ತದೆ; ಹಾಗಲ್ಲ ಎಂದು ತೋರಿಸುವ ಹೊಣೆ ಸ್ಕ್ಯಾನ್ ಮಾಡಿದವರದು. ಸ್ತ್ರೀರೋಗ ತಜ್ಞರ ಒಕ್ಕೂಟ ಫಾಗ್ಸಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತ್ತು, ಗುಮಾಸ್ತರ ಬರವಣಿಗೆಯ ತಪ್ಪಿಗೆ ವೈದ್ಯರನ್ನು ಅಪರಾಧಿ ಮಾಡಬಾರದು ಅನ್ನುವುದು ಅವರ ವಾದ. 2019ರ ಮೇ ತಿಂಗಳಲ್ಲಿ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಶಿಕ್ಷೆಯೂ ಚಿಕ್ಕದಲ್ಲ: ಮೊದಲ ಸಲಕ್ಕೆ 3 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಅಪರಾಧ ಸಾಬೀತಾದರೆ ವೈದ್ಯರ ಹೆಸರು 5 ವರ್ಷ ವೈದ್ಯಕೀಯ ಪರಿಷತ್ತಿನ ಪಟ್ಟಿಯಿಂದ ಹೋಗುತ್ತದೆ.

ಇಷ್ಟು ಬಿಗಿ ಯಾಕೆ? ಈ ಅಪರಾಧಕ್ಕೆ ದೂರು ಕೊಡುವವರೇ ಇರುವುದಿಲ್ಲ. ಕೇಳಿದ ಮನೆಯವರಿಗೂ ಬೇಕಿತ್ತು, ಹೇಳಿದವರಿಗೂ ದುಡ್ಡು ಬಂತು, ಹೊಟ್ಟೆಯಲ್ಲಿದ್ದ ಮಗುವಿಗೆ ಬಾಯಿಲ್ಲ. ಕತ್ತಲೆ ಕೋಣೆಯಲ್ಲಿ ಒಂದು ಕಣ್ಸನ್ನೆಯಲ್ಲಿ ಮುಗಿದುಹೋಗುವ ಕೆಲಸಕ್ಕೆ ಸಾಕ್ಷಿ ಅಂತ ಉಳಿಯುವುದು ಕಾಗದ ಮಾತ್ರ. ಫಾರ್ಮಿನಲ್ಲಿ ಜೀವಂತ ಮಕ್ಕಳೆಷ್ಟು, ಗಂಡೆಷ್ಟು ಹೆಣ್ಣೆಷ್ಟು ಅಂತ ಕೇಳುವುದೂ ಅದಕ್ಕೇ. ಎರಡು ಹೆಣ್ಣುಮಕ್ಕಳಿರುವ ತಾಯಿ, ಯಾವ ಡಾಕ್ಟರೂ ಕಳಿಸಿಲ್ಲ, ತಾನಾಗಿ ಬಂದಿದ್ದಾಳೆ, ಹದಿನಾಲ್ಕು ಹದಿನಾರನೇ ವಾರ, ಸ್ಕ್ಯಾನಿಗೆ ಸರಿಯಾದ ಕಾರಣ ಬರೆದಿಲ್ಲ, ಆಮೇಲೆ ಹೆರಿಗೆಯ ಸುದ್ದಿಯೂ ಇಲ್ಲ. ಒಂದು ಫಾರ್ಮಿನಿಂದ ಏನೂ ತಿಳಿಯದು. ಒಂದೇ ಸ್ಕ್ಯಾನ್ ಸೆಂಟರಿನಲ್ಲಿ ಇಂಥವು ಮತ್ತೆಮತ್ತೆ ಕಂಡರೆ ತಿಳಿಯುತ್ತದೆ. ನೀವು ಖಾಲಿ ಬಿಟ್ಟಿರುವ ಮೂರು ಜಾಗಗಳು, ಅಂದರೆ ಮಕ್ಕಳ ಸಂಖ್ಯೆ, ಕಳಿಸಿದ ಡಾಕ್ಟರ್, ತಾಯಿಯ ಸಹಿ, ತಂಡದವರು ಮೊದಲು ಕಣ್ಣುಹಾಯಿಸುವ ಜಾಗಗಳೇ.

ಮಹಾರಾಷ್ಟ್ರ ಈ ವಿಷಯದಲ್ಲಿ ದೇಶಕ್ಕಿಂತ ಮುಂಚೆ ಎಚ್ಚೆತ್ತ ರಾಜ್ಯ. ಇಲ್ಲಿ 1988ರಲ್ಲೇ ಕಾನೂನು ಬಂತು, ಕೇಂದ್ರದ ಕಾಯ್ದೆ 1994ರದು. ಆದರೂ 6 ವರ್ಷದೊಳಗಿನ ಮಕ್ಕಳ ಲೆಕ್ಕದಲ್ಲಿ ಸಾವಿರ ಗಂಡುಮಕ್ಕಳಿಗೆ 2001ರಲ್ಲಿ 913 ಹೆಣ್ಣುಮಕ್ಕಳಿದ್ದದ್ದು 2011ರ ಜನಗಣತಿಯಲ್ಲಿ 894ಕ್ಕೆ ಇಳಿಯಿತು. 2017ರ ಮಾರ್ಚಿನಲ್ಲಿ ಮೀರಜ್ ಹತ್ತಿರದ ಮ್ಹೈಸಾಳದಲ್ಲಿ ಹೂತಿಟ್ಟ 19 ಭ್ರೂಣಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅಲ್ಲಿಂದ ನಮ್ಮ ಕರ್ನಾಟಕದ ಗಡಿ ಹೆಜ್ಜೆ ದೂರ. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಈ ದಂಧೆ ನಡೆಸಿದ್ದೂ ಬಯಲಾಯಿತು. ತಪಾಸಣೆಗೆ ಬರುವ ಅಧಿಕಾರಿಯ ತಲೆಯಲ್ಲಿ ಇವೆಲ್ಲ ಇರುತ್ತವೆ. ನಿಮ್ಮ ಆಸ್ಪತ್ರೆ ಅಂಥದ್ದಲ್ಲ ಅನ್ನುವುದನ್ನು ಅವರಿಗೆ ನಿಮ್ಮ ಮುಖ ನೋಡಿ ತಿಳಿಯಲು ಆಗುವುದಿಲ್ಲ, ಕಾಗದ ನೋಡಿಯೇ ತಿಳಿಯಬೇಕು.

ಸೀಲ್ ಆಗುತ್ತದೆ, ಹಿಡಿದುಕೊಂಡು ಹೋಗುತ್ತಾರೆ ಅನ್ನುವ ಓಣಿಯ ಮಾತಿಗೆ ಬರೋಣ. ತಪಾಸಣೆಗೂ ಶೋಧಕ್ಕೂ ವ್ಯತ್ಯಾಸವಿದೆ. ನೋಂದಣಿ ಇರುವ ಪ್ರತಿ ಸೋನೋಗ್ರಫಿ ಕೇಂದ್ರವನ್ನು 90 ದಿನಕ್ಕೊಮ್ಮೆ ನೋಡಬೇಕು, ನೋಡಿದ ವರದಿಯ ಪ್ರತಿಯನ್ನು ಮಾಲೀಕರಿಗೆ ಕೊಟ್ಟು ಸಹಿ ಪಡೆಯಬೇಕು ಅಂತ ನಿಯಮವೇ ಇದೆ. ಹಾಗಾಗಿ ತಂಡ ಬಂತು ಅಂದರೆ ಯಾರೋ ಚಾಡಿ ಹೇಳಿದ್ದಾರೆ ಅಂತಲ್ಲ. ಆ ವರದಿಯ ಪ್ರತಿ ನಿಮಗೆ ಸಿಕ್ಕಿದೆಯೇ ನೋಡಿ, ಇಲ್ಲದಿದ್ದರೆ ಪತ್ರ ಬರೆದು ಕೇಳಿ. ಉತ್ತರ ಬರೆಯಲು ಅದೇ ಆಧಾರ. ಅಪರಾಧ ನಡೆದಿದೆ ಎಂದು ನಂಬಲು ಕಾರಣ ಇದ್ದಾಗ ಮಾಡುವ ಶೋಧ ಬೇರೆ. ಅದರಲ್ಲಿ ದಾಖಲೆ, ಯಂತ್ರ ಜಪ್ತಿ ಮಾಡಬಹುದು, ಆದರೆ ಸಾಕ್ಷಿಗಳ ಎದುರು ಪಂಚನಾಮೆ ಆಗಬೇಕು, ಜಪ್ತಿಯಾದದ್ದರ ಪಟ್ಟಿ ಸ್ಥಳದಲ್ಲೇ ಎರಡು ಪ್ರತಿ ಬರೆದು ಒಂದನ್ನು ನಿಮಗೆ ಕೊಡಬೇಕು. ಸಾಧ್ಯವಾದಷ್ಟೂ ಪೊಲೀಸರನ್ನು ತರಬೇಡಿ ಅಂತಲೂ ನಿಯಮ ಅಧಿಕಾರಿಗಳಿಗೆ ಹೇಳುತ್ತದೆ, ಯಾಕೆಂದರೆ ಈ ಪ್ರಕರಣಗಳು ಪ್ರಾಧಿಕಾರ, ಅಂದರೆ ಈ ಕಾಯ್ದೆ ಜಾರಿಗೆ ನೇಮಕವಾದ ಅಧಿಕಾರಿ, ಕೋರ್ಟಿಗೆ ಕೊಡುವ ದೂರಿನ ಮೇಲೆ ನಡೆಯುವಂಥವು. ನಿಮಗೆ ಬಂದಿರುವುದು ನೋಟಿಸ್. ನಿಮ್ಮ ಮಾತು ಕೇಳಲೆಂದೇ ಕೊಡುವುದು ಅದು. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ: ಕಾಯ್ದೆಯ ಪ್ರಕಾರ ಇದು ಜಾಮೀನುರಹಿತ ಅಪರಾಧ, ಉತ್ತರ ತೃಪ್ತಿಕರವಲ್ಲದಿದ್ದರೆ ನೋಂದಣಿ ಅಮಾನತಾಗಬಹುದು. ಅಮಾನತಾದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ಉತ್ತರ ಹೇಗೆ ಬರೆಯಬೇಕು? ಕೊರತೆ ಇರುವ ಒಂದೊಂದು ಫಾರ್ಮನ್ನೂ ಬೇರೆ ತೆಗೆದು ಝೆರಾಕ್ಸ್ ಮಾಡಿಸಿ. ಆ ತಾಯಿಯ ಓಪಿಡಿ ಪೇಪರು, ಬಿಲ್ಲು, ಸ್ಕ್ಯಾನ್ ವರದಿ, ಕಳಿಸಿದ ಡಾಕ್ಟರರ ಚೀಟಿ, ನಿಮ್ಮಲ್ಲೇ ಹೆರಿಗೆ ಆಗಿದ್ದರೆ ಹೆರಿಗೆ ರಜಿಸ್ಟರಿನ ನಮೂದು, ಎಲ್ಲ ಹುಡುಕಿ ಜೊತೆಗಿಡಿ. ಫಾರ್ಮಿನಲ್ಲಿ ಮಕ್ಕಳ ಸಂಖ್ಯೆ ಬಿಟ್ಟುಹೋಗಿದ್ದರೂ ಮೊದಲ ದಿನದ ಓಪಿಡಿ ಪೇಪರಿನಲ್ಲಿ ಮೇಡಂ ಕೈಯಲ್ಲೇ ಅದು ಬರೆದಿರುತ್ತದೆ. ಎಷ್ಟೋ ಸಲ ಹಾಗೆಯೇ ಆಗಿರುತ್ತದೆ. ಆ ದಿನವೇ ಬರೆದ ಆ ಕಾಗದ ನಿಮ್ಮ ಪರ ಸಾಕ್ಷಿ. ಕಾಯ್ದೆ 'ಹಾಗಲ್ಲ ಎಂದು ತೋರಿಸಿದರೆ' ಅಂತ ಬಿಟ್ಟಿರುವ ಬಾಗಿಲು ಇದೇ. ಉತ್ತರದಲ್ಲಿ ಈ ಫಾರ್ಮಿನಲ್ಲಿ ಇಂಥ ಕಾಲಂ ಖಾಲಿ ಇದೆ, ಮಾಹಿತಿ ಇಂಥ ದಾಖಲೆಯಲ್ಲಿದೆ, ಪ್ರತಿ ಲಗತ್ತಿಸಿದೆ ಅಂತ ಸರಳವಾಗಿ ಬರೆಯಿರಿ. ದಾಖಲೆ ಎಲ್ಲೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ. ಮುಂದೆ ಹೀಗಾಗದಂತೆ ಏನು ಬದಲಾಯಿಸಿದ್ದೀರಿ, ಯಾವ ತಾರೀಖಿನಿಂದ, ಅದನ್ನೂ ಬರೆಯಿರಿ. ಸಹಿ ಮೇಡಂ ಅವರದಾಗಬೇಕು, ಕಳಿಸುವ ಮೊದಲು ಈ ಕಾಯ್ದೆಯ ಕೇಸು ನಡೆಸಿ ಗೊತ್ತಿರುವ ವಕೀಲರು ಒಮ್ಮೆ ಓದಬೇಕು. ಗಡುವು ಸಾಲದಿದ್ದರೆ ಮೊದಲೇ ಲಿಖಿತವಾಗಿ ಸಮಯ ಕೇಳಿ, ಸುಮ್ಮನೆ ಕೂರಬೇಡಿ.

ಸಹಿ ಇಲ್ಲದ ಆ ಎರಡು ಫಾರ್ಮುಗಳ ಬಗ್ಗೆ ಇನ್ನಷ್ಟು ಹೇಳಬೇಕು. ಹಡಪ್ಸರ್, ಮುಂಢ್ವಾ, ವಾಘೋಲಿ ಕಡೆಯ ಬಿಲ್ಡಿಂಗ್ ಸೈಟುಗಳಿಗೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ದುಡಿಯಲು ಬಂದ ಹೆಣ್ಣುಮಕ್ಕಳು ನಿಮ್ಮಲ್ಲಿಗೂ ಬರುತ್ತಿರಬಹುದು. ಫಾರ್ಮಿನ ಕೊನೆಯ ಘೋಷಣೆ, ಅಂದರೆ ನನಗೆ ಮಗುವಿನ ಲಿಂಗ ತಿಳಿಯುವುದು ಬೇಡ ಅನ್ನುವುದು, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಆಕೆಗೆ ಎರಡೂ ಬರುವುದಿಲ್ಲ. ಹಿಂದೆ ಹದಿನೈದು ಜನ ಕಾಯುತ್ತಿದ್ದಾರೆ, ಹೆಬ್ಬೆಟ್ಟು ಒತ್ತಿಸಿ ಒಳಗೆ ಕಳಿಸುತ್ತಾರೆ, ಇಲ್ಲವೇ ಸ್ಕ್ಯಾನ್ ಆದಮೇಲೆ ಒತ್ತಿಸೋಣ ಅಂತ ಬಿಟ್ಟು ಮರೆಯುತ್ತಾರೆ. ಹೆಬ್ಬೆಟ್ಟು ಒತ್ತಿಸಿದರೆ ಅದು ಆಕೆಯದೇ ಅಂತ ಗುರುತಿಸಿದವರ ಹೆಸರು, ವಯಸ್ಸು, ಸಂಬಂಧ, ವಿಳಾಸ, ಸಹಿ ಕೆಳಗೆ ಬರಬೇಕು. ಅದು ಹೆಚ್ಚಾಗಿ ಬಿಟ್ಟೇ ಹೋಗಿರುತ್ತದೆ. ನಿಮಗೆ ಕನ್ನಡ ಬರುವುದು ಇಲ್ಲಿ ದೊಡ್ಡ ಅನುಕೂಲ. ಆ ಎರಡು ಸಾಲನ್ನು ಆಕೆಯ ಮಾತಿನಲ್ಲೇ ಓದಿ ಹೇಳಿ, ಆಮೇಲೆ ಸಹಿ ಪಡೆಯಿರಿ, ಆಮೇಲೆಯೇ ಆಕೆ ಸ್ಕ್ಯಾನ್ ಕೋಣೆಗೆ ಹೋಗಲಿ. ಗೋಡೆಯ ಫಲಕ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ನಿಯಮಕ್ಕೆ ಸಾಕು, ಪಕ್ಕದಲ್ಲಿ ಕನ್ನಡದ್ದೂ ಒಂದಿದ್ದರೆ ಆ ತಾಯಂದಿರಿಗೆ ತಿಳಿಯುತ್ತದೆ. ಈಗ ಸಹಿ ಇಲ್ಲದ ಇಬ್ಬರನ್ನು ಹುಡುಕಿ ಕರೆಸಿ ಹಳೆಯ ತಾರೀಖು ಹಾಕಿಸುವುದು ಮಾತ್ರ ಬೇಡ. ನಾಳೆ ಅಧಿಕಾರಿಗಳು ಆ ನಂಬರಿಗೆ ಫೋನ್ ಮಾಡಿ ಯಾವಾಗ ಸಹಿ ಹಾಕಿದೆ ತಾಯಿ ಅಂತ ಕೇಳಿದರೆ ಆಕೆ ಸುಳ್ಳು ಹೇಳಬೇಕಾಗುತ್ತದೆ. ನಿಮ್ಮ ಕಷ್ಟವನ್ನು ಆಕೆಯ ತಲೆಗೆ ಕಟ್ಟಿದಂತಾಗುತ್ತದೆ.

ಗರ್ಭಪಾತದ ರಜಿಸ್ಟರಿನ ವಿಷಯ ನನ್ನನ್ನು ಹೆಚ್ಚು ಕಾಡುವುದು. ಲಿಂಗ ಪತ್ತೆ ಅಪರಾಧ, ಗರ್ಭಪಾತ ಅಪರಾಧವಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ಮಾನ್ಯತೆ ಪಡೆದ ಕಡೆ ಅರ್ಹ ವೈದ್ಯರು 20 ವಾರದವರೆಗೆ ಮಾಡಬಹುದು. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಹೆಣ್ಣುಮಕ್ಕಳಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಎರಡು ಕಾಯ್ದೆಗಳನ್ನು ಜನ ಒಂದೇ ಅಂದುಕೊಂಡಿದ್ದಾರೆ. ಎಷ್ಟೋ ವೈದ್ಯರು ತಪಾಸಣೆಯ ಗೋಳೇ ಬೇಡ ಅಂತ ಈ ಸೇವೆಯನ್ನೇ ನಿಲ್ಲಿಸುತ್ತಾರೆ. ಆದರೆ ಬಾಗಿಲು ಮುಚ್ಚಿದರೆ ಆ ಹೆಣ್ಣುಮಗಳ ಅಗತ್ಯ ಮುಚ್ಚುವುದಿಲ್ಲ. ಆಕೆ ಮೆಡಿಕಲ್ ಅಂಗಡಿಯಿಂದ ಯಾರ ಸಲಹೆಯೂ ಇಲ್ಲದೆ ಮಾತ್ರೆ ತರಿಸಿ ನುಂಗಿ, ರಕ್ತ ಹೋಗುತ್ತಾ ರಾತ್ರಿ ಸಸೂನ್ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಮ್ಹೈಸಾಳದಂಥ ಕಡೆಗಳಿಗೆ ಗಿರಾಕಿ ಸಿಗುವುದೂ ಸರಿಯಾದ ಬಾಗಿಲುಗಳು ಮುಚ್ಚಿದಾಗಲೇ. ನಿಮ್ಮ ಮೇಡಂ ಮಾನ್ಯತೆ ಇರುವವರಾದರೆ ದಯವಿಟ್ಟು ನಿಲ್ಲಿಸಬಾರದು ಅಂತ ನನ್ನ ಪರವಾಗಿ ಕೇಳಿಕೊಳ್ಳಿ.

ರಜಿಸ್ಟರ್ ತೋರಿಸುವ ಕ್ರಮಕ್ಕೆ ಬಿಗಿ ನಿಯಮವಿದೆ. ತಾಯಿಯ ಹೆಸರು ಆ ಅಡ್ಮಿಷನ್ ರಜಿಸ್ಟರ್ ಒಂದರಲ್ಲೇ ಇರಬೇಕು. ಕೇಸ್ ಪೇಪರು, ಆಪರೇಷನ್ ಥಿಯೇಟರ್ ಪುಸ್ತಕ, ಫಾಲೋಅಪ್ ಕಾರ್ಡು ಎಲ್ಲೂ ಹೆಸರು ಬರೆಯದೆ ಕ್ರಮಸಂಖ್ಯೆ ಮಾತ್ರ ಬರೆಯಬೇಕು. ಒಪ್ಪಿಗೆ ಪತ್ರ ಮತ್ತು ವೈದ್ಯರ ಅಭಿಪ್ರಾಯ ಲಕೋಟೆಯಲ್ಲಿ ಮುಚ್ಚಿ, ಮೇಲೆ ಕ್ರಮಸಂಖ್ಯೆ ಬರೆದು, ಗುಪ್ತ ಅಂತ ಗುರುತು ಹಾಕಿ ಬೀಗದಲ್ಲಿಡಬೇಕು. ಕಾನೂನಿನಿಂದ ಅಧಿಕಾರ ಪಡೆದವರಿಗೆ ಬಿಟ್ಟು ಬೇರೆಯವರಿಗೆ ಹೆಸರು ಬಿಟ್ಟುಕೊಟ್ಟರೆ ವೈದ್ಯರಿಗೆ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. ಆದ್ದರಿಂದ ಕೇಳಿದವರ ಗುರುತಿನ ಚೀಟಿ, ಯಾವ ಕಾಯ್ದೆಯಡಿ ಯಾರ ಆದೇಶದ ಮೇಲೆ ಬಂದಿದ್ದಾರೆ ಅನ್ನುವುದನ್ನು ವಿನಯದಿಂದ ಕೇಳಿ ಬರೆದುಕೊಳ್ಳಿ. ಅಧಿಕಾರ ಇದ್ದರೆ ಮೇಡಂ ತಾವೇ ತೆಗೆದು ತೋರಿಸಲಿ. ರಜಿಸ್ಟರನ್ನು ಕೌಂಟರಿನ ಮೇಲೆ, ಕಾಯುತ್ತಿರುವ ಜನರ ಎದುರು ಬಿಚ್ಚಬೇಡಿ. ಏಜೆಂಟನ ಕೈಗಂತೂ ಅದು ಯಾವ ಕಾಲಕ್ಕೂ ಹೋಗಬಾರದು.

ಆ ಏಜೆಂಟ್ 'ಮಾತಾಡ್ತೀನಿ' ಅಂದದ್ದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರಿಗೂ ಶಿಕ್ಷೆಯಿದೆ. ದುಡ್ಡು ಕೊಟ್ಟು ನೋಟಿಸ್ ಮುಚ್ಚಿಸಿದರೂ ಫಾರ್ಮಿನ ಕೊರತೆ ಹಾಗೇ ಇರುತ್ತದೆ, ಅದನ್ನು ತಿಳಿದವನೊಬ್ಬ ಹೊರಗಿರುತ್ತಾನೆ, ವರ್ಷಕ್ಕೊಮ್ಮೆ ಬಂದು ಕೈ ಚಾಚುತ್ತಾನೆ.

ಇನ್ನೊಂದು ದಾರಿಯನ್ನೂ ಮೇಡಂ ಯೋಚಿಸುತ್ತಿರಬಹುದು: ಸೋನೋಗ್ರಫಿ ನೋಂದಣಿಯನ್ನೇ ವಾಪಸ್ ಕೊಟ್ಟು, ಸ್ಕ್ಯಾನಿಗೆ ಹೊರಗೆ ಕಳಿಸುವುದು. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಈಗಿನ ನೋಟಿಸಿಗೆ ಅದು ಉತ್ತರವಾಗುವುದಿಲ್ಲ, ಹಳೆಯ ದಾಖಲೆಗಳನ್ನು ಇಟ್ಟುಕೊಳ್ಳುವ ಹೊಣೆಯೂ ತಪ್ಪುವುದಿಲ್ಲ. ದಿನಗೂಲಿಯ ಹೆಂಗಸಿಗೆ ಇನ್ನೊಂದು ದಿನದ ಪಗಾರ ಹೋಗುತ್ತದೆ, ರಿಕ್ಷಾ ಖರ್ಚು ಬೇರೆ. ಕೆಲವರು ಸ್ಕ್ಯಾನ್ ಮಾಡಿಸುವುದನ್ನೇ ಬಿಡುತ್ತಾರೆ. ಮೇಡಂ ಒಬ್ಬರೇ ಇದ್ದು ನಿಜಕ್ಕೂ ಕಾಗದಕ್ಕೆ ಸಮಯ ಸಾಲದಿದ್ದರೆ ಮಾತ್ರ ಆ ದಾರಿ ಸರಿ ಅನ್ನಿಸುತ್ತದೆ ನನಗೆ.

ನೋಟಿಸಿನ ಉತ್ತರದ ಜೊತೆಗೇ ಉಳಿದದ್ದನ್ನೂ ನೋಡಿಕೊಳ್ಳಿ, ಒಂದು ಕೊರತೆ ಕಂಡ ಕಡೆ ಬೇರೆ ವಿಭಾಗದವರೂ ಬರುವುದುಂಟು. ನರ್ಸಿಂಗ್ ಹೋಮ್ ನೋಂದಣಿ 3 ವರ್ಷಕ್ಕೊಮ್ಮೆ ನವೀಕರಣ, ಸೋನೋಗ್ರಫಿಯದು 5 ವರ್ಷ. ಮಹಾರಾಷ್ಟ್ರದ 2021ರ ನರ್ಸಿಂಗ್ ಹೋಮ್ ನಿಯಮದಂತೆ ರೋಗಿಗಳ ಹಕ್ಕಿನ ಪಟ್ಟಿ, ದರಪಟ್ಟಿ ಗೋಡೆಯ ಮೇಲಿರಬೇಕು. ವೈದ್ಯಕೀಯ ಕಸ 48 ಗಂಟೆಗಿಂತ ಹೆಚ್ಚು ಒಳಗಿರಬಾರದು, ಹೆರಿಗೆಯ ಮಾಸು ಹಳದಿ ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ. ಗರ್ಭಪಾತದ ಮಾತ್ರೆ ತಂದ ಬಿಲ್ಲು, ಯಾರಿಗೆ ಕೊಟ್ಟಿರಿ ಅನ್ನುವ ಲೆಕ್ಕ ತಾಳೆಯಾಗಬೇಕು. ಬೆಂಕಿ ಸುರಕ್ಷತೆಯ ಪ್ರಮಾಣಪತ್ರ ಪ್ರತಿ ಜನವರಿ ಮತ್ತು ಜುಲೈಗೆ. ಇದನ್ನು ಕಾಟಾಚಾರ ಅನ್ನಬೇಡಿ. 2021ರ ಜನವರಿಯಲ್ಲಿ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದು 10 ಕೂಸುಗಳು ಸತ್ತವು.

ಕೊನೆಗೆ ನಿಮ್ಮ ಸ್ವಂತ ಪ್ರಶ್ನೆ. ದಾಖಲೆ ಪೂರ್ತಿ ಇಡುವ ಹೊಣೆ ಕಾಯ್ದೆ ಹಾಕಿರುವುದು ಸ್ಕ್ಯಾನ್ ಮಾಡುವ ವೈದ್ಯರ ಮೇಲೆ. ಶಿಕ್ಷೆಯ ಕಲಂ ಹೆಸರಿಸುವುದು ವೈದ್ಯರು, ಮಾಲೀಕರು, ಅಲ್ಲಿ ವೃತ್ತಿಪರ ಇಲ್ಲವೇ ತಾಂತ್ರಿಕ ಸೇವೆ ಕೊಡುವವರನ್ನು. ಹೆಸರು ವಿಳಾಸ ಬರೆದುಕೊಂಡು ಒಂದು ಕಾಲಂ ಬಿಟ್ಟ ರಿಸೆಪ್ಶನಿಸ್ಟ್ ಮೇಲೆ ಅದರ ಗುರಿ ಇಲ್ಲ, ನಿಮ್ಮ ಹೇಳಿಕೆ ಕೇಳಬಹುದು ಅಷ್ಟೆ. ಆದರೆ ಇವತ್ತು ರಾತ್ರಿ ಕೂತು ನಿಮ್ಮ ಕೈಯಾರೆ ಹಳೆಯ ಫಾರ್ಮಿನಲ್ಲಿ ಸುಳ್ಳು ಬರೆದರೆ ಅದು ಬೇರೆಯೇ ಅಪರಾಧ. ಅದರಲ್ಲಿ ನೀವು ಸಾಕ್ಷಿಯಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತೀರಿ.

ಮೇಡಂ ನಿಜ ಬರೆದು ಉತ್ತರ ಕೊಡುವುದಾದರೆ ಕೆಲಸ ಬಿಡಬೇಡಿ, ಅವರಿಗೆ ಈಗ ನಿಮ್ಮಂಥವರೇ ಬೇಕು. ತುಂಬಲೇಬೇಕು ಅಂತ ಹಟ ಹಿಡಿದರೆ, "ಮೇಡಂ, ನನ್ನ ಕೈಯಿಂದ ಇದು ಆಗೂದಿಲ್ರೀ" ಅಂತ ಬಾಯಲ್ಲೂ ಹೇಳಿ, ವಾಟ್ಸಾಪಿನಲ್ಲೂ ಎರಡು ಸಾಲು ಬರೆದು ಕಳಿಸಿ. ಆಮೇಲೂ ಒತ್ತಾಯ ನಿಲ್ಲದಿದ್ದರೆ ಬಿಡುವುದೇ ಸರಿ. ಆಗ ಕೂಡ ಒಮ್ಮೆಲೇ ಬರುವುದು ನಿಲ್ಲಿಸಬೇಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಫಾರ್ಮು, ರಜಿಸ್ಟರು, ಕಪಾಟಿನ ಕೀಲಿ ಯಾರಿಗೆ ಒಪ್ಪಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ತೆಗೆದುಕೊಂಡವರ ಸಹಿ ಪಡೆದು, ಅದರ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.